ಹಾಳು ಗೋಡೆಯ ಮುಂದೆ ನಿಂತವನ ಧರ್ಮ

ಮಾನವನು ಕಟ್ಟಿದುದೆಲ್ಲವೂ ಒಂದು ದಿನ ಬೀಳತಕ್ಕದ್ದೇ. ಈ ಮಾತನ್ನು ಒಪ್ಪದವರಿಲ್ಲ. ಆದರೆ ಬಿದ್ದುದರ ಮುಂದೆ ನಿಂತ ಮನುಷ್ಯನು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಆಲೋಚಿಸಿದವರು ಕಡಮೆ. ಶಿವಶರಣರು ಸ್ಥಾವರ, ಜಂಗಮ ಎಂಬ ಎರಡು ಪದಗಳಲ್ಲಿ ಲೋಕದ ಸ್ಥಿತಿಯನ್ನೆಲ್ಲ ಅಡಕಮಾಡಿ ತೋರಿಸಿದರು. ಕಲ್ಲುಮಣ್ಣುಗಳಲ್ಲಿ ನಿಂತುಹೋದುದು ಕಾಲನ ಕೈಗೆ ಸಿಕ್ಕುತ್ತದೆ. ಅರಿವಾಗಿ, ಆಚಾರವಾಗಿ ಒಬ್ಬರಿಂದೊಬ್ಬರಿಗೆ ನಡೆದುಬರುವುದು ಉಳಿಯುತ್ತದೆ. ಇದು ಅವರ ಬೋಧೆಯ ಸಾರ. ಹಾಗಾದರೆ ಪಾಳುಬಿದ್ದ ಮನೆ, ಹಾಳಾದ ಗುಡಿ, ಹುಲ್ಲು ಬೆಳೆದ ಸಮಾಧಿಗಳ ಮುಂದೆ ಭಕ್ತನಿಗೆ ಮಾಡಬೇಕಾದ ಕರ್ತವ್ಯವೇನಾದರೂ ಉಂಟೇ? ಅಥವಾ ಸ್ಥಾವರವೆಂದು ಅವನ್ನು ಕಡೆಗಣಿಸಿ ಹೋಗುವುದೇ ಸರಿಯೇ?

ಈ ಪ್ರಶ್ನೆಗೆ ಇಂದು ಹೊಸದೊಂದು ಸಂದರ್ಭ ಒದಗಿದೆ. ಭಾನುವಾರ ಬೆಳಕು ಹರಿಯುವ ಮುನ್ನವೇ ಬೆಂಗಳೂರು, ತುಮಕೂರು ನಗರಗಳಿಂದ ತರುಣರು ಕ್ಯಾಮರಾಗಳನ್ನು ಹೆಗಲಿಗೇರಿಸಿಕೊಂಡು ಹೊರಡುತ್ತಾರೆ. ಕೆಲವರು ಗುಬ್ಬಿಯ ಹಾದಿ ಹಿಡಿದು ತಿಪಟೂರಿನ ಕಡೆಗೆ ಹೋಗುವರು. ಕೆಲವರು ಹಾಸನದ ಹೆದ್ದಾರಿಯಲ್ಲಿ ಕುಣಿಗಲನ್ನು ದಾಟಿ ಎಡೆಯೂರಿನ ಕಡೆಗೆ ಸಾಗುವರು. ಜನ ಕಿಕ್ಕಿರಿದ ಕ್ಷೇತ್ರಗಳು ಅವರಿಗೆ ಬೇಡ. ರಸ್ತೆಯಿಂದ ಒಳಕ್ಕೆ ತಿರುಗಿ, ಹೆಂಚು ಜಾರಿ ತೊಟ್ಟಿಯಲ್ಲಿ ಗಿಡ ಹುಟ್ಟಿರುವ ಮನೆಗಳನ್ನೂ, ಬೇಲಿಯ ಸಾಲಿನಲ್ಲಿ ಒರಗಿರುವ ವೀರಗಲ್ಲುಗಳನ್ನೂ, ಆಲದ ಬೇರು ಸೀಳಿರುವ ಮಂಟಪಗಳನ್ನೂ, ಹೆಸರಿಲ್ಲದ ಗೋರಿಗಳನ್ನೂ ಹುಡುಕಿ ಛಾಯಾಚಿತ್ರ ತೆಗೆಯುವುದೇ ಅವರ ಸಂತೋಷ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಹವ್ಯಾಸವಲ್ಲ. ಕೆನಡಾ ದೇಶದ ಪಶ್ಚಿಮದ ಬಯಲುಸೀಮೆಯಲ್ಲಿ ೧೮೭೨ರ ಕಾನೂನಿನ ಪ್ರಕಾರ ಹತ್ತು ಡಾಲರು ಶುಲ್ಕ ಕಟ್ಟಿ, ನೇಮಿಸಿದ ಕಾಲ ಅಲ್ಲಿ ವಾಸಿಸಿ ಉತ್ತವನಿಗೆ ೧೬೦ ಎಕರೆ ನೆಲ ದೊರೆಯುತ್ತಿತ್ತು. ದೂರದೇಶಗಳಿಂದ ಬಂದ ಬಡ ರೈತರು ಅಲ್ಲಿ ಮರದ ಮನೆಗಳನ್ನೂ ಪ್ರಾರ್ಥನಾಮಂದಿರಗಳನ್ನೂ ಕಟ್ಟಿದರು. ೧೯೩೦ರ ದಶಕದ ಅನಾವೃಷ್ಟಿ, ಧೂಳಿನ ಬಿರುಗಾಳಿಗಳಿಂದಲೂ, ಆಮೇಲೆ ಹೊಲಗಳು ಹಿರಿದಾಗಿ ಒಕ್ಕಲುಗಳು ಕಿರಿದಾದುದರಿಂದಲೂ ಅನೇಕ ಊರುಗಳು ಬರಿದಾದುವು. ಇಂದು ಆ ಬಿಕೋ ಎನ್ನುವ ರಸ್ತೆಗಳಲ್ಲಿ ನೂರಾರು ಮೈಲಿ ಪ್ರಯಾಣಮಾಡಿ, ಆ ಮನೆ, ಮಂದಿರ, ಸ್ಮಶಾನಗಳ ಚಿತ್ರ ತೆಗೆಯುವವರು ಹಲವರಿದ್ದಾರೆ. ಬಿಟ್ಟುಹೋದ ಮನೆಯು ಮನುಷ್ಯನನ್ನು ಕರೆಯುವ ರೀತಿ ಎಲ್ಲೆಡೆಯಲ್ಲಿಯೂ ಒಂದೇ.

ನಮ್ಮ ಕಡೆಯಲ್ಲಿ ಊರುಗಳು ಹಾಳಾದುದು ಹೇಗೆ? ಕಂದಾಯದ ಕಡತಗಳಲ್ಲಿ ಜನವಸತಿಯಿಲ್ಲದ ಗ್ರಾಮವನ್ನು 'ಬೇಚರಾಕ್' ಎಂದು ಬರೆಯುವುದು ವಾಡಿಕೆ. ಇದು ಫಾರ್ಸಿಯಿಂದ ಬಂದ ಮಾತು. ದೀಪವಿಲ್ಲದ ಊರು ಎಂದು ಇದರ ಅರ್ಥ. ಹೊಲವಿದೆ, ಎಲ್ಲೆಗಲ್ಲಿದೆ, ಹೆಸರೂ ಇದೆ. ಸಂಜೆ ದೀಪ ಹಚ್ಚುವವರು ಮಾತ್ರ ಇಲ್ಲ. ಧಾತು, ಈಶ್ವರ ಸಂವತ್ಸರಗಳ ಬರಗಾಲದ ಹಿಂದೆ, ೧೮೭೧ರಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು ೫೦ ಲಕ್ಷವಿದ್ದಿತು. ಬರ ಕಳೆದು ೧೮೮೧ರಲ್ಲಿ ಎಣಿಸಿದಾಗ ಅದು ೪೨ ಲಕ್ಷಕ್ಕೆ ಇಳಿದಿತ್ತು. ಆಮೇಲೆ ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಹಳ್ಳಿಹಳ್ಳಿಗೂ ಹಬ್ಬಿತು. ಇಲಿ ಬಿದ್ದಿತೆಂದರೆ ಜನರು ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ೧೯೧೮ರ ಇನ್‌ಫ್ಲುಯೆಂಜಾ ಜ್ವರವು ಉಳಿದವರಲ್ಲಿ ಅನೇಕರನ್ನು ಕೊಂಡೊಯ್ದಿತು. ಇಂದಿನ ಕಾರಣಗಳು ಬೇರೆ. ಕೊಳವೆಬಾವಿ ಬತ್ತಿತು, ಅಡಕೆಯ ತೋಟ ಒಣಗಿತು, ಮಕ್ಕಳು ಬೆಂಗಳೂರಿಗೆ ಹೋದರು, ದಾಯಾದಿಗಳ ವ್ಯಾಜ್ಯದಲ್ಲಿ ಮನೆಗೆ ಬೀಗ ಬಿದ್ದಿತು. ಹಿಂದೆ ಊರಿಗೆ ಊರೇ ದೀಪ ಕಳೆದುಕೊಳ್ಳುತ್ತಿತ್ತು. ಈಗ ಊರಿನೊಳಗೆ ಒಂದೊಂದೇ ಮನೆ ಬೇಚರಾಕ್ ಆಗುತ್ತಿದೆ.

ಇಂಥ ಎಡೆಗಳಲ್ಲಿ ಚಿತ್ರ ತೆಗೆಯುವುದು ಸರಿಯೇ ತಪ್ಪೇ ಎಂಬ ವಿಷಯದಲ್ಲಿ ಎರಡು ಪಕ್ಷಗಳಿವೆ. ಹಿರಿಯರನೇಕರು, "ಹಾಳುಮನೆಯ ಪಟ ತೆಗೆದು ಮನೆಯಲ್ಲಿಟ್ಟುಕೊಳ್ಳುವುದು ಶುಭವಲ್ಲ, ಮೇಲಾಗಿ ದೇಹವನ್ನೇ ದೇವಾಲಯವೆಂದು ನಂಬಿದವರಿಗೆ ಬಿದ್ದ ಗೋಡೆಯಿಂದ ಆಗಬೇಕಾದುದೇನು?" ಎನ್ನುತ್ತಾರೆ. ಕಿರಿಯರು, "ನಾವು ಕಲ್ಲನ್ನು ಕದಿಯಲಿಲ್ಲ, ಗೋಡೆಯನ್ನು ಕೆಡವಲಿಲ್ಲ, ಬೆಳಕನ್ನಷ್ಟೇ ಹಿಡಿದೆವು. ಇದರಲ್ಲಿ ದೋಷವೆಲ್ಲಿ ಬಂದಿತು?" ಎನ್ನುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಪೂರ್ಣವಲ್ಲ.

ಮೊದಲು ಹಿರಿಯರ ಮಾತು. ಸ್ಥಾವರವು ಅಳಿಯತಕ್ಕದ್ದೆಂದು ತಿಳಿಸಿದ ಶರಣರು ಅಳಿದುದನ್ನು ತಿರಸ್ಕರಿಸಬೇಕೆಂದು ಹೇಳಲಿಲ್ಲ. ಸ್ಥಾವರಕ್ಕೆ ಅಂಟಿಕೊಂಡು ಜಂಗಮವನ್ನು ಮರೆಯಬೇಡವೆಂಬುದೇ ಅವರ ಎಚ್ಚರಿಕೆ. ಹಿಂದಿನವರ ಗುರುತುಗಳನ್ನು ದಾಖಲಿಸಿಡುವುದು ಸ್ಥಾವರದ ಮೋಹವಾಗಬೇಕಾದುದಿಲ್ಲ. ಬಿ. ಎಲ್. ರೈಸ್ ಅವರು ಹಳ್ಳಿಹಳ್ಳಿಗಳ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಗ್ರಂಥಮಾಲೆಯಲ್ಲಿ ತುಮಕೂರು ಜಿಲ್ಲೆಗೆ ಸೇರಿದ ಹನ್ನೆರಡನೆಯ ಸಂಪುಟವು ೧೯೦೪ರಲ್ಲಿ ಹೊರಬಂದಿತು. ಅಂದು ಹಾಗೆ ಪ್ರತಿಮಾಡಿಕೊಂಡ ಶಾಸನಗಳಲ್ಲಿ ಹಲವು, ವಿಶೇಷವಾಗಿ ಬೆಂಗಳೂರಿನ ಸುತ್ತಮುತ್ತ, ಇಂದು ಕಣ್ಣಿಗೆ ಬೀಳುವುದಿಲ್ಲ. ಅವು ಕಟ್ಟಡಗಳ ಅಡಿಪಾಯವನ್ನೋ ಚರಂಡಿಯ ಅಂಚನ್ನೋ ಸೇರಿದುವು. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ. ಶ. ೭೫೦ರ ಕಿತ್ತಯ್ಯನ ವೀರಗಲ್ಲು ೨೦೧೮ರಲ್ಲಿ ಮಣ್ಣಿನಿಂದ ಹೊರಬಂದಾಗ, ಅದರ ಬೆಲೆಯನ್ನು ತಿಳಿದ ನಾಗರಿಕರು ಅದನ್ನು ಉಳಿಸಿಕೊಂಡರು. ಊರಿಗಾಗಿ ಪ್ರಾಣಕೊಟ್ಟವನೊಬ್ಬನ ಹೆಸರು ಹನ್ನೆರಡು ಶತಮಾನಗಳ ಮೇಲೆ ಮತ್ತೆ ಜನರ ನಾಲಗೆಗೆ ಬಂದಿತು. ಇದನ್ನು ಅಶುಭವೆಂದು ಯಾರು ಹೇಳಿಯಾರು?

ಇನ್ನು ಕಿರಿಯರ ಮಾತು. ಬೆಳಕನ್ನು ಮಾತ್ರ ಹಿಡಿದೆವೆಂಬುದು ನಿಜ. ಆದರೆ ನೋಟಕ್ಕೂ ಒಂದು ಆಚಾರವುಂಟು. ಕೈಯಿಂದ ಮಾಡುವ ಕೆಲಸದಲ್ಲಿ ಶುದ್ಧಿ ಇರಬೇಕೆಂದಮೇಲೆ ಕಣ್ಣಿನಿಂದ ಮಾಡುವ ಕೆಲಸದಲ್ಲಿಯೂ ಇರಬೇಕು. ಈ ಹವ್ಯಾಸದಲ್ಲಿ ಮೂರು ದೋಷಗಳು ಸುಲಭವಾಗಿ ನುಸುಳುತ್ತವೆ.

ಒಂದನೆಯದು, ಇನ್ನೊಬ್ಬರ ಕೇಡಿನಲ್ಲಿ ರಸವನ್ನು ಹುಡುಕುವುದು. ಮುರಿದ ಬಾಗಿಲು, ಬಿರಿದ ಗೋಡೆ, ಧೂಳು ಹಿಡಿದ ತೊಟ್ಟಿಲು ಇವು ಚಿತ್ರದಲ್ಲಿ ಚೆಲುವಾಗಿ ಕಾಣುತ್ತವೆ. ಆದರೆ ಆ ತೊಟ್ಟಿಲಲ್ಲಿ ಮಲಗಿದ್ದ ಕೂಸು ಏನಾಯಿತೆಂದು ಕೇಳದೆ ತೊಟ್ಟಿಲಿನ ಮೇಲೆ ಬಿದ್ದ ಬಿಸಿಲನ್ನು ಮಾತ್ರ ಮೆಚ್ಚುವುದು ದಯೆಯ ಲಕ್ಷಣವಲ್ಲ.

ಎರಡನೆಯದು, ಅಂದಕ್ಕಾಗಿ ಸತ್ಯವನ್ನು ಬಿಡುವುದು. ಮಾಸ್ತಿಕಲ್ಲನ್ನು ನೋಡಿರುವವರು ಅದರ ಮೇಲೆ ಮೊಳಕೈ ಮಡಿಸಿ ಎತ್ತಿದ, ಬಳೆ ತೊಟ್ಟ ತೋಳನ್ನು ಬಲ್ಲರು. ಸಂಜೆಯ ಓರೆಬಿಸಿಲಿನಲ್ಲಿ ಆ ಕಲ್ಲು ಬಹು ಸುಂದರ. ಅದರ ಕೆಳಗೆ 'ಪತಿಭಕ್ತಿಯ ಅಮರ ಚಿಹ್ನೆ' ಎಂದು ಬರೆದುಬಿಟ್ಟರೆ ಚಿತ್ರ ಪೂರ್ತಿಯಾದಂತೆ ತೋರುತ್ತದೆ. ಆದರೆ ಆ ಕಲ್ಲು ಹೇಳುವುದು ಜೀವಂತವಾಗಿ ಬೆಂಕಿಗೆ ಬಿದ್ದ ಹೆಣ್ಣುಮಗಳೊಬ್ಬಳ ಕಥೆ. ಅವಳ ಒಪ್ಪಿಗೆ ಎಷ್ಟು, ನೆರೆದವರ ಒತ್ತಾಯ ಎಷ್ಟು ಎಂಬುದನ್ನು ಕಲ್ಲು ಹೇಳದು. ಹೆಣ್ಣಿನ ಆತ್ಮಕ್ಕೆ ಸಮಾನ ಪದವಿಯನ್ನು ಕೊಟ್ಟ ಅನುಭವಮಂಟಪದ ಹಾದಿಯಲ್ಲಿ ನಡೆಯುವವರು ಆ ಕಲ್ಲಿನ ಮುಂದೆ ಮೆಚ್ಚುಗೆಯಿಂದಲ್ಲ, ಮರುಕದಿಂದ ನಿಲ್ಲತಕ್ಕದ್ದು.

ಮೂರನೆಯದು, ಅರಿಯದೆ ಮಾಡುವ ಹಾನಿ. ಅಕ್ಷರಗಳು ಕಾಣಲೆಂದು ಶಾಸನಕ್ಕೆ ಎಣ್ಣೆ ಹಚ್ಚುವುದು, ಸುಣ್ಣದಕಡ್ಡಿಯಿಂದ ತೀಡುವುದು, ತಂತಿಯ ಬ್ರಷ್ಷಿನಿಂದ ಉಜ್ಜುವುದು ಕಲ್ಲಿಗೆ ಕೇಡು. ಬೆಳಗಿನ ಅಥವಾ ಸಂಜೆಯ ಬೆಳಕು ಓರೆಯಾಗಿ ಬೀಳುವವರೆಗೆ ತಾಳ್ಮೆಯಿಂದ ಕಾದರೆ ಅಕ್ಷರಗಳು ತಾವಾಗಿ ಎದ್ದುಕಾಣುವುವು. ಇದಕ್ಕಿಂತ ಹಿರಿದಾದ ಅಪಾಯ ಇನ್ನೊಂದಿದೆ. ಕಾಡಿನ ನಡುವಿನ ಗುಡಿಯ ಚಿತ್ರವನ್ನು ದಾರಿಯ ಗುರುತಿನೊಡನೆ ಮೊಬೈಲಿನಲ್ಲಿ ಎಲ್ಲರಿಗೂ ಹಂಚಿದರೆ ಅದನ್ನು ನೋಡುವವರಲ್ಲಿ ನಿಧಿಗಳ್ಳರೂ ಇರಬಹುದು. ಹೊನ್ನಿನ ಆಸೆಯಿಂದ ನಂದಿಯ ಅಡಿಯನ್ನೂ ಲಿಂಗದ ಪೀಠವನ್ನೂ ಅಗೆದು ಹಾಳುಮಾಡಿದ ಪ್ರಸಂಗಗಳು ನಾಡಿನಲ್ಲಿ ಮತ್ತೆಮತ್ತೆ ನಡೆದಿವೆ. ಕೈದಾಳದ ಚೆನ್ನಕೇಶವನ ಗುಡಿಯಂತಹ ಹೆಸರಾದ ದೇವಾಲಯಗಳಿಗೆ ನೋಡಿಕೊಳ್ಳುವವರಿದ್ದಾರೆ. ಶಿರಾದಲ್ಲಿರುವ ೧೬೫೧ರ ಮಲಿಕ್ ರಿಹಾನನ ಗೋರಿಗೂ ಸರ್ಕಾರದ ರಕ್ಷಣೆಯುಂಟು. ಬದುವಿನ ಮೇಲಿನ ವೀರಗಲ್ಲಿಗೆ ಕಾವಲು ಯಾರು? ೧೯೬೧ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾನೂನು ಇದ್ದರೂ, ರಕ್ಷಿತವೆಂದು ಸಾರಿದುದಕ್ಕೆ ಮಾತ್ರ ಅದರ ಪೂರ್ಣ ಆಶ್ರಯ. ಉಳಿದುದಕ್ಕೆ ಊರವರ ಶ್ರದ್ಧೆಯೇ ಬೇಲಿ.

ಸಮಾಧಿಗಳ ವಿಷಯದಲ್ಲಿ ಎಚ್ಚರವು ಇನ್ನೂ ಹೆಚ್ಚಾಗಿರಬೇಕು. ಲಿಂಗಾಯತ ಗೃಹಸ್ಥನು ಲಿಂಗೈಕ್ಯನಾದಾಗ ಶರೀರವನ್ನು ಕುಳಿತ ಭಂಗಿಯಲ್ಲಿ ಇರಿಸಿ, ಕರದಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣಿಗೆ ಒಪ್ಪಿಸುವುದು ಸಂಪ್ರದಾಯ. ಉಳ್ಳವರು ಮೇಲೊಂದು ಕಟ್ಟೆ ಕಟ್ಟಿ ಪುಟ್ಟ ಲಿಂಗವನ್ನೋ ನಂದಿಯನ್ನೋ ಇರಿಸುವರು. ಬಡವನ ಸಮಾಧಿಗೆ ನಾಲ್ಕು ಕಾಡುಗಲ್ಲುಗಳೇ ಗುರುತು. ಎರಡು ತಲೆಮಾರು ಕಳೆದರೆ ಅವೂ ಇರುವುದಿಲ್ಲ. ರುದ್ರಭೂಮಿಯಲ್ಲಿ ಬರಿಯ ಬಯಲೆಂದು ಕಾಣುವ ಎಡೆಯೂ ಯಾರೋ ಒಬ್ಬ ತಾಯಿಯ, ಯಾರೋ ಒಬ್ಬ ಅಜ್ಜನ ಶಯನಸ್ಥಾನವಾಗಿರಬಹುದು. ಕೆರಹನ್ನು ಕಳಚಿ, ಕಟ್ಟೆಯನ್ನು ತುಳಿಯದೆ, ಊರಿನಲ್ಲಿ ಒಂದು ಮಾತು ಕೇಳಿ ಒಳಗೆ ಹೋಗುವುದು ಕನಿಷ್ಠ ಮರ್ಯಾದೆ. ಮುಸಲ್ಮಾನರ ಖಬರಸ್ಥಾನವಾಗಲಿ ಕ್ರೈಸ್ತರ ಸಮಾಧಿಭೂಮಿಯಾಗಲಿ, ಅಲ್ಲಿಯೂ ಇದೇ ನಡತೆ ಸಲ್ಲತಕ್ಕದ್ದು. ಮಣ್ಣು ಸೇರಿದವರಲ್ಲಿ ಭೇದವೆಣಿಸುವುದು ಶರಣರ ಮಾರ್ಗವಲ್ಲ.

ಹೀಗೆ ದೋಷಗಳನ್ನು ಕಳೆದರೆ ಮಾತ್ರ ಸಾಲದು. ಹಾಳಿನ ಮುಂದೆ ನಿಂತವನು ಅಲ್ಲಿಂದ ಏನನ್ನು ಪಡೆಯಬೇಕೆಂಬುದೇ ಮುಖ್ಯವಾದ ಮಾತು. ಇದಕ್ಕೆ ಅಲ್ಲಮಪ್ರಭುದೇವರ ಚರಿತೆಯಲ್ಲಿಯೇ ಉತ್ತರ ದೊರೆಯುತ್ತದೆ. ಹರಿಹರನ 'ಪ್ರಭುದೇವರ ರಗಳೆ'ಯ ಕಥೆಯಂತೆ, ಪ್ರಿಯಳನ್ನು ಕಳೆದುಕೊಂಡು ಬೆಂದು ಅಲೆಯುತ್ತಿದ್ದ ಅಲ್ಲಮನು ತೋಟವೊಂದರಲ್ಲಿ ಕುಳಿತು ಕಾಲಿನ ಉಗುರಿನಿಂದ ನೆಲವನ್ನು ಕೆದಕುತ್ತಿರಲು ಮಣ್ಣಿನಲ್ಲಿ ಹೂತುಹೋಗಿದ್ದ ಗುಡಿಯ ಕಳಸ ಕಂಡಿತು. ಅಗೆಸಿ, ಬಾಗಿಲು ತೆರೆದು ಒಳಹೊಕ್ಕಾಗ, ಕರದ ಲಿಂಗದಲ್ಲಿ ಕಣ್ಣು ನೆಟ್ಟು ಕುಳಿತಿದ್ದ ಅನಿಮಿಷಯ್ಯನ ದರ್ಶನವಾಯಿತು. ಆ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಅನಿಮಿಷಯ್ಯನ ಪ್ರಾಣವು ಬಯಲಾಯಿತು, ಅಲೆಯುತ್ತಿದ್ದವನು ಪ್ರಭುವಾದನು.

ಕಳಸದ ಚೆಲುವಿಗೆ ಮರುಳಾಗಿ ಅಲ್ಲಿಯೇ ನಿಂತಿದ್ದರೆ ಅಲ್ಲಮನು ಒಬ್ಬ ನೋಟಕನಾಗಿ ಉಳಿಯುತ್ತಿದ್ದನು. ಅವನು ಹೂತ ಗುಡಿಯಿಂದ ಕಲ್ಲನ್ನು ತರಲಿಲ್ಲ, ಕಳಸವನ್ನು ಕೀಳಲಿಲ್ಲ. ಅಲ್ಲಿ ಇನ್ನೂ ಜೀವಂತವಾಗಿದ್ದುದು ಯಾವುದೋ ಅದನ್ನು ಕೈಯಲ್ಲಿ ಹಿಡಿದು, ಆ ಹೊಣೆಯನ್ನು ಹೊತ್ತು ನಡೆದನು. ಸ್ಥಾವರದೊಳಗೆ ನಿಂತುಹೋಗಿದ್ದುದು ಅವನಲ್ಲಿ ಜಂಗಮವಾಯಿತು.

ಇದಕ್ಕೆ ಹೊಂದುವ ನಿದರ್ಶನ ಕುಣಿಗಲ್ ಸೀಮೆಯಲ್ಲಿಯೇ ಇದೆ. ಕಗ್ಗೆರೆಯ ತೋಟದಲ್ಲಿ ಸಿದ್ಧಲಿಂಗಯತಿಗಳು ಶಿವಯೋಗದಲ್ಲಿ ಕುಳಿತಿರಲು ಅವರ ಮೇಲೆ ಹುತ್ತ ಬೆಳೆಯಿತೆಂದು ಐತಿಹ್ಯ. ತೋಟದಿಂದಲೇ ಅವರಿಗೆ ತೋಂಟದ ಸಿದ್ಧಲಿಂಗರೆಂಬ ಹೆಸರಾಯಿತು. ಹೊರಗಿನ ಕಣ್ಣಿಗೆ ಅದು ಮಣ್ಣಿನ ಗುಪ್ಪೆ. ಒಳಗೆ ಇದ್ದುದು ಮಹಾಚೈತನ್ಯ. ಅವರು ಎಡೆಯೂರಿನಲ್ಲಿ ಸಮಾಧಿಸ್ಥರಾದರು. ಇಂದು ಲಕ್ಷಾಂತರ ಜನರು ಆ ಗದ್ದುಗೆಗೆ ತಲೆಬಾಗುವರು. ಆದರೆ ಗದ್ದುಗೆಯ ಚಿತ್ರವನ್ನು ಗೋಡೆಗೆ ತೂಗುಹಾಕಿ, ಏಳುನೂರರಷ್ಟು ವಚನಗಳಿರುವ ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ವನ್ನು ಒಮ್ಮೆಯೂ ತೆರೆಯದವನು ಹುತ್ತವನ್ನು ನೋಡಿ ಹಿಂದಿರುಗಿದಂತೆಯೇ ಸರಿ. ಗುಬ್ಬಿಯ ಮಲ್ಲಣಾರ್ಯನು ೧೫೧೩ರಲ್ಲಿ 'ಭಾವಚಿಂತಾರತ್ನ'ವನ್ನೂ ೧೫೩೦ರಲ್ಲಿ 'ವೀರಶೈವಾಮೃತ ಪುರಾಣ'ವನ್ನೂ ರಚಿಸಿದನು. ಅವನು ಬಾಳಿದ ಮನೆಯ ಗೋಡೆಯನ್ನು ನೋಡಿ ಯಾರೂ ಅವನನ್ನು ನೆನೆಯುವುದಿಲ್ಲ, ಓದಿ ನೆನೆಯುತ್ತಾರೆ.

ತತ್ತ್ವವು ಇಷ್ಟಾದಮೇಲೆ ವ್ಯವಹಾರದಲ್ಲಿ ಅದು ಹೇಗೆ ಕೂಡಿಬರುವುದೆಂದು ನೋಡಬೇಕು. ಒಂದು ಪ್ರಸಂಗವನ್ನು ಹೀಗೆ ಭಾವಿಸಬಹುದು. ತುಮಕೂರಿನ ತರುಣನೊಬ್ಬನು ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹಾಳಾದ ತೊಟ್ಟಿಮನೆಯ ಮುಂದೆ ಬೈಕು ನಿಲ್ಲಿಸುತ್ತಾನೆ. ಜಗುಲಿಯ ಕಂಬ, ಒಡೆದ ಒರಳು, ಗೋಡೆಯಲ್ಲಿ ಹೊಗೆ ಹಿಡಿದ ದೀಪದ ಗೂಡು ಎಲ್ಲವನ್ನೂ ಒಂದೊಂದಾಗಿ ಚಿತ್ರಕ್ಕೆ ಇಳಿಸುತ್ತಾನೆ. ಪಕ್ಕದ ಮನೆಯ ಮುದುಕಿ ಬಾಗಿಲಿಗೆ ಬಂದು, "ಯಾರ ಪೈಕಿನಪ್ಪ ನೀನು?" ಎಂದು ಕೇಳುತ್ತಾಳೆ.

"ಯಾರ ಪೈಕಿನೂ ಅಲ್ಲ ಅಜ್ಜಿ, ಸುಮ್ನೆ ಫೋಟೋ ತೆಗೀತಿದ್ದೆ."

"ಸುಮ್ನೆ ಯಾಕ್ ತೆಗೀತಿಯಪ್ಪ? ಆ ಗೂಡಿನಲ್ಲಿ ನಮ್ಮಕ್ಕ ಸಾಯೋ ದಿನದವರೆಗೂ ದೀಪ ಇಟ್ಟಳು. ಮಕ್ಕಳು ಯಾರೂ ಬರಲಿಲ್ಲ. ಬಾ ಒಳಗೆ, ಬಿಸಿಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡಿ."

ಇಲ್ಲಿ ಆ ತರುಣನ ಮುಂದೆ ಎರಡು ದಾರಿಗಳಿವೆ. ಹೊತ್ತಾಯಿತೆಂದು ಹೇಳಿ ಹೊರಟರೆ ಅವನ ಪೆಟ್ಟಿಗೆಯಲ್ಲಿ ನಲವತ್ತು ಒಳ್ಳೆಯ ಚಿತ್ರಗಳಿರುತ್ತವೆ. ಒಳಗೆ ಹೋಗಿ ಕುಳಿತರೆ ಒಂದು ಮನೆತನದ ಕಥೆಯೂ, ಕಥೆಯನ್ನು ಹೇಳುವವರಿಲ್ಲದೆ ದಿನ ನೂಕುತ್ತಿರುವ ಒಂದು ಜೀವವೂ ಅವನಿಗೆ ದೊರೆಯುತ್ತವೆ. ಹಾಳುಮನೆಯನ್ನು ಅರ್ಧ ಗಂಟೆ ನೋಡಿದವನು, ಪಕ್ಕದಲ್ಲಿ ಹಾಳಾಗದೆ ಉಳಿದಿರುವ ಜೀವವನ್ನು ನೋಡದೆ ಹೋದರೆ ಅವನು ಆರಿಸಿಕೊಂಡದ್ದು ಸ್ಥಾವರವನ್ನು. ಮಜ್ಜಿಗೆಯ ಲೋಟವನ್ನು ಹಿಡಿದು ಬಾಗಿಲಲ್ಲಿ ನಿಂತವಳೇ ಅಂದಿನ ಜಂಗಮ.

ಶರಣರು ಕಾಯಕಕ್ಕೂ ದಾಸೋಹಕ್ಕೂ ಬಿಡಿಸಲಾಗದ ಗಂಟು ಹಾಕಿದರು. ದುಡಿದುದು ತನ್ನಲ್ಲಿಯೇ ನಿಂತರೆ ಅದು ಸಂಗ್ರಹ. ಇತರರಿಗೆ ಸಂದರೆ ಪ್ರಸಾದ. ಛಾಯಾಚಿತ್ರಕ್ಕೂ ಈ ನಿಯಮವೇ ಅನ್ವಯಿಸುತ್ತದೆ. ತೆಗೆದ ಚಿತ್ರದ ಒಂದು ಪ್ರತಿಯನ್ನು ಅಚ್ಚುಹಾಕಿಸಿ ಆ ಮುದುಕಿಯ ಕೈಗೆ ತಲುಪಿಸಿದರೆ, ಅವಳು ಹೇಳಿದ ಹೆಸರುಗಳನ್ನು ಚಿತ್ರದ ಹಿಂಬದಿಯಲ್ಲಿ ಬರೆದಿಟ್ಟರೆ, ಬೆಂಗಳೂರಿನಲ್ಲಿರುವ ಆ ಮನೆಯ ಮೊಮ್ಮಕ್ಕಳನ್ನು ಹುಡುಕಿ ಅದನ್ನು ತೋರಿಸಿದರೆ ಆ ಪಟವು ನಡೆಯಲಾರಂಭಿಸುತ್ತದೆ. ವೀರಗಲ್ಲಿನ ಚಿತ್ರವನ್ನು ಊರಿನ ಶಾಲೆಗೆ ಕೊಟ್ಟು, ಮೂರು ಹಂತಗಳಲ್ಲಿ ಕೆಳಗೆ ಹೋರಾಟ, ನಡುವೆ ಸ್ವರ್ಗಯಾತ್ರೆ, ಮೇಲೆ ಶಿವಸಾನ್ನಿಧ್ಯ ಎಂದು ಮಕ್ಕಳಿಗೆ ತಿಳಿಸಿದರೆ, ನಾಳೆ ಆ ಕಲ್ಲನ್ನು ಬಟ್ಟೆ ಒಗೆಯುವುದಕ್ಕೆ ಹಾಕಿಕೊಳ್ಳಹೋದವರನ್ನು ಆ ಮಕ್ಕಳೇ ತಡೆಯುವರು. ಊರಿನಿಂದ ತೆಗೆದುಕೊಂಡುದು ಊರಿಗೆ ಮರಳಿ ಸಲ್ಲುವುದೇ ಈ ಕಾಯಕದ ದಾಸೋಹ.

"ಕಡೆಗೆ ಆ ಪಟವೂ ಒಂದು ದಿನ ಮಾಸಿಹೋಗುವುದಲ್ಲವೇ?" ಎಂದು ಯಾರಾದರೂ ಕೇಳಬಹುದು. ಹೋಗುವುದು ನಿಶ್ಚಯ. ಕಾಗದ ಹಳದಿಯಾಗುವುದು, ಯಂತ್ರದ ನೆನಪೂ ಕೆಡುವುದು. ಪಟವನ್ನು ಶಾಶ್ವತವೆಂದು ನಂಬುವುದು ಗೋಡೆಯನ್ನು ಶಾಶ್ವತವೆಂದು ನಂಬಿದಷ್ಟೇ ಭ್ರಮೆ. ಆದರೆ ಆ ಪಟದ ನೆವದಿಂದ ಮುರಿದಿದ್ದ ಒಂದು ನಂಟು ಕೂಡಿದರೆ, ಕಾದು ಕುಳಿತಿದ್ದ ತಾಯಿಯೊಬ್ಬಳ ಮನೆಗೆ ಮಗನೊಬ್ಬನು ಮರಳಿ ಬಂದರೆ, ಆ ಫಲವು ಪಟದೊಡನೆ ಮಾಸುವುದಿಲ್ಲ.

ತುಮಕೂರಿಗೆ ಸಮೀಪದ ಸಿದ್ಧಗಂಗೆಯಲ್ಲಿ ಹಿರಿಯ ಗುರುಗಳ ಗದ್ದುಗೆಗಳಿವೆ. ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ಗದ್ದುಗೆಯೂ ಅಲ್ಲಿದೆ. ಅಲ್ಲಿಗೆ ಬಂದವರು ಗದ್ದುಗೆಯ ಚಿತ್ರವನ್ನು ತೆಗೆದುಕೊಂಡು ಹೋಗುವರು. ಆದರೆ ಆ ಗದ್ದುಗೆಗಳು ಬರಿಯ ಕಲ್ಲಾಗಿ ಉಳಿಯದಿರುವುದು ಚಿತ್ರಗಳಿಂದಲ್ಲ. ಅವುಗಳ ಮಗ್ಗುಲಲ್ಲಿಯೇ ಒಲೆಯು ಉರಿಯುತ್ತಿರುವುದರಿಂದ, ಸಾವಿರಾರು ಮಕ್ಕಳು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿರುವುದರಿಂದ. ಅನ್ನವೂ ಅಕ್ಷರವೂ ನಡೆದಿರುವ ಎಡೆಯಲ್ಲಿ ಸಮಾಧಿಯೂ ಜಂಗಮ. ಅವು ನಿಂತ ಎಡೆಯಲ್ಲಿ ಅರಮನೆಯೂ ಬೇಚರಾಕ್.

ಆದುದರಿಂದ ಸದ್ಭಕ್ತರು ತಮ್ಮ ಮಕ್ಕಳನ್ನು ಹಾಳುಗುಡಿಗೆ ಹೋಗಬೇಡವೆಂದು ತಡೆಯಬೇಕಾದ ಕಾರಣವಿಲ್ಲ. ಹೋಗಲಿ, ನೋಡಲಿ, ಚಿತ್ರವನ್ನೂ ತೆಗೆಯಲಿ. ಹೋಗುವಾಗ ಕೆರಹನ್ನು ಕಳಚುವುದನ್ನೂ, ಇದು ಯಾರದೆಂದು ಕೇಳುವುದನ್ನೂ, ಹಿಂದಿರುಗಿ ಬಂದು ಕೊಡುವುದನ್ನೂ ಕಲಿಸಿದರೆ ಸಾಕು. ಮತ್ತು ಊರಿನಲ್ಲಿ ಬೀಗ ಹಾಕಿಬಂದ ತಮ್ಮದೇ ಮನೆಯೊಂದಿದ್ದರೆ, ಅದರ ದೀಪದ ಗೂಡಿನಲ್ಲಿ ವರ್ಷಕ್ಕೊಮ್ಮೆಯಾದರೂ ಹಣತೆಯನ್ನು ಹಚ್ಚಿ, ನೆರೆಮನೆಯ ಹಿರಿಯರನ್ನು ಮಾತನಾಡಿಸಿ ಬರಲಿ. ಆರಿದ ದೀಪದ ಚಿತ್ರ ತೆಗೆಯುವ ಅವಕಾಶವು ಮುಂದೆ ಬರುವವನಿಗೆ ಅಲ್ಲಿ ದೊರೆಯದಿರಲಿ.